ಗಟ್ಟಿ ಎದೆಗೆ ಮದ್ದಿಲ್ಲ

ಬೂದಿಜ್ವರದ ಎರಡನೆಯ ವರ್ಷ ನಮ್ಮ ಸೀಮೆಯಲ್ಲಿ ಹೆದರುಪುಕ್ಕಲರು ಬದುಕಿದರು, ಗಟ್ಟಿಗರು ಸತ್ತರು. ಹೀಗೆಂದರೆ ಈಗಿನ ಹುಡುಗರು ನಗುತ್ತಾರೆ. ಆದರೆ ಅದು ತಾನಾಗಿ ಆದದ್ದಲ್ಲ; ಬುದ್ಧಿವಂತರು ಕೂತು, ಲೆಕ್ಕ ಹಾಕಿ, ಒಳ್ಳೆಯದಕ್ಕೆಂದೇ ಮಾಡಿದ ವ್ಯವಸ್ಥೆ. ಆ ಬುದ್ಧಿವಂತರಲ್ಲಿ ಧಾರವಾಡದ ದಾಕ್ಷಾಯಣಿಯೂ ಒಬ್ಬಳು.

ಜ್ವರದ ಸ್ವಭಾವವೇ ವಿಚಿತ್ರವಾಗಿತ್ತು. ಮೊದಲು ಮೈ ಸುಡುತ್ತಿತ್ತು, ಆಮೇಲೆ ನಾಲಿಗೆಗೆ ಬೂದಿ ಬಳಿದಂಥ ಬಣ್ಣ ಬರುತ್ತಿತ್ತು. ಹೆದರಿದ ದೇಹ ತನ್ನ ರಕ್ತಕ್ಕೆ ಸುರಿಯುವ ರಸಗಳೇ ಈ ರೋಗಾಣುವಿಗೆ ಮೇವು. ಹೆದರಿದಷ್ಟೂ ಅದು ಹೆಚ್ಚುತ್ತಿತ್ತು, ಹೆಚ್ಚಿದಷ್ಟೂ ಉಸಿರು ಕಟ್ಟುತ್ತಿತ್ತು, ಉಸಿರು ಕಟ್ಟಿದರೆ ಯಾರು ತಾನೇ ಹೆದರುವುದಿಲ್ಲ? ಈ ಸುತ್ತನ್ನು ಮುರಿಯುವ ಹಳದಿ ಬಣ್ಣದ ಸೂಜಿಮದ್ದು ಒಂದಿತ್ತು. ಒಂದು ಸೂಜಿ ಬಿದ್ದರೆ ರೋಗಿ ಹೆಚ್ಚುಕಡಿಮೆ ಉಳಿದ ಹಾಗೆಯೇ. ಆದರೆ ಹತ್ತು ಜನಕ್ಕೆ ಬೇಕಾದಲ್ಲಿ ಒಂದು ಬರುತ್ತಿತ್ತು.

ಯಾರಿಗೆ ಕೊಡುವುದು? ಮೊದಲ ವರ್ಷ ಶಿಫಾರಸು ಇದ್ದವರಿಗೆ ಸಿಕ್ಕಿತು, ಊರೂರಲ್ಲಿ ಕಲ್ಲುತೂರಾಟವಾಯಿತು. ಆಗ ಬಂದದ್ದು ತೋಳುಪಟ್ಟಿ. ರೋಗಿಯ ತೋಳಿಗೆ ಕಟ್ಟಿದರೆ ನಾಡಿ, ಬೆವರು, ಉಸಿರು, ದನಿಯ ನಡುಕ ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತಿತ್ತು. ಅದಕ್ಕೆ ಸ್ಥೈರ್ಯಾಂಕ ಎಂದು ಹೆಸರು. ಎಪ್ಪತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಜನ ಮದ್ದಿಲ್ಲದೆಯೂ ಏಳುತ್ತಿದ್ದರು. ಇಪ್ಪತ್ತರ ಕೆಳಗಿನವರು ಮದ್ದಿಲ್ಲದೆ ಉಳಿಯುತ್ತಿರಲಿಲ್ಲ. ಅಂದಮೇಲೆ ಅಂಕ ಕಡಿಮೆ ಇದ್ದವರಿಗೇ ಮದ್ದು. ವಯಸ್ಸು, ಜಾತಿ, ಹುದ್ದೆ ಯಾವುದನ್ನೂ ಯಂತ್ರ ನೋಡುವಂತಿಲ್ಲ. ಅಳದ ಕೂಸಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಹಳೆಯ ಗಾದೆಯನ್ನೇ ತಂದು ಕಂಪ್ಯೂಟರಿನಲ್ಲಿ ಕೂಡಿಸಿದ್ದರು. ಹತ್ತರಲ್ಲಿ ಉಳಿದ ಇಬ್ಬರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಅವರು ಗಲಾಟೆ ಮಾಡದೆ ಸಾಯುವ ಜಾತಿಯವರು.

ದಾಕ್ಷಾಯಣಿ ಕೂರುತ್ತಿದ್ದದ್ದು ಮದ್ದು ಹಂಚಿಕೆ ಕೇಂದ್ರದ ದೊಡ್ಡ ಪರದೆಯ ಮುಂದೆ. ಸುತ್ತಲಿನ ಊರುಗಳ ಕಲ್ಯಾಣ ಮಂಟಪಗಳೆಲ್ಲ ಆಗ ಆಸ್ಪತ್ರೆಗಳಾಗಿದ್ದವು. ಪರದೆಯ ಮೇಲೆ ಒಂದೊಂದು ಮಂಟಪಕ್ಕೆ ಒಂದೊಂದು ಚೌಕ, ಚೌಕದೊಳಗೆ ಹಾಸಿಗೆಗೊಂದು ಅಂಕ. ಒಂದು ಚೌಕ ಮಾತ್ರ ವಾರದಿಂದ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಉಳಿದ ಕಡೆ ಮೂವತ್ತು ನಲವತ್ತರಲ್ಲಿ ತಡಕಾಡುತ್ತಿದ್ದ ಅಂಕಗಳು ಅಲ್ಲಿ ಅರವತ್ತರ ಮೇಲೆ ನಿಂತಿದ್ದವು. ಅಲ್ಲಿಗೆ ಸೂಜಿಗಳೂ ಕಡಿಮೆ ಹೋಗುತ್ತಿದ್ದವು, ಹೆಣಗಳೂ ಕಡಿಮೆ ಬರುತ್ತಿದ್ದವು.

ಕಾರಣ ದಾಕ್ಷಾಯಣಿಯ ತಾಯಿ ಗುರುಸಿದ್ದವ್ವ. ಜ್ವರ ಹಿಡಿದು ಅಲ್ಲಿ ಮಲಗಿದ್ದ ಆಕೆ ದಿನವೂ ಬೆಳಿಗ್ಗೆ ಸಂಜೆ ದಿಂಬಿಗೆ ಒರಗಿ ಕೂತು ಹಾಡುತ್ತಿದ್ದಳು, ಇಡೀ ಹಾಲ್ ಕೇಳುತ್ತಿತ್ತು.

ಗುರುಸಿದ್ದವ್ವನ ಹಾಡು ಕಲ್ಯಾಣ ಮಂಟಪದಲ್ಲಿ ಕಲಿತದ್ದಲ್ಲ, ಸಾವಿನ ಮನೆಗಳಲ್ಲಿ ಕಲಿತದ್ದು. ಅವರ ಮಂದಿಯಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಧರಿಸಿ, ಮುಂದೆ ಕೂತು ಭಜನೆ ಮಾಡುತ್ತಾರೆ. ಓಣಿಯಲ್ಲಿ ಯಾರು ಹೋದರೂ ಮೊದಲು ಕರೆ ಬರುತ್ತಿದ್ದದ್ದು ಆಕೆಗೆ. ತನ್ನ ಗಂಡ ಹೋದಾಗಲೂ ಹಣೆಯ ಕುಂಕುಮ ಅಳಿಸುವ ಮೊದಲೇ ತಾಳ ಹಿಡಿದು ಕೂತಿದ್ದಳು. ಬಂದವರು ಅದನ್ನು ಕಂಡು ತಾವೂ ಅಳು ನುಂಗಿಕೊಂಡಿದ್ದರು. ಹಾಡುತ್ತಾ ಹಾಡುತ್ತಾ ಆಕೆಯ ಮೈಯೇ ಅದಕ್ಕೆ ಒಗ್ಗಿಬಿಟ್ಟಿತ್ತು. ತೋಳುಪಟ್ಟಿ ತಯಾರಿಸುವಾಗ, ಸ್ಥಿರವಾದ ದೇಹ ಹೇಗಿರುತ್ತದೆಂದು ತಿಳಿಯಲು ದಾಕ್ಷಾಯಣಿ ಅದನ್ನು ಕಟ್ಟಿದ್ದು ತಾಯಿಯ ತೋಳಿಗೇ, ಒಂದು ಸಾವಿನ ಮನೆಯಲ್ಲಿ. ಆ ದಿನ ಮೂಡಿದ ಗೆರೆಯನ್ನೇ ನೂರು ಎಂದು ಇಟ್ಟುಕೊಂಡು ಉಳಿದವರನ್ನು ಅಳೆದರು.

ಈಗ ಅದೇ ಪಟ್ಟಿ ಗುರುಸಿದ್ದವ್ವನಿಗೆ ಎಂಬತ್ತನಾಲ್ಕು ತೋರಿಸುತ್ತಿತ್ತು. ಆದರೆ ಆ ಬೆಳಿಗ್ಗೆ ಮಂಟಪದ ನರ್ಸ್ ರೂತ್ ಫೋನ್ ಮಾಡಿದ್ದಳು.

"ಅಕ್ಕಾರ, ಅವ್ವಾರ ನಾಲಿಗಿ ಪೂರಾ ಬೂದಿ ಆಗೇತ್ರಿ. ಎರಡು ಸಾಲು ಹಾಡಿದ್ರ ಉಸರ ಹತ್ತತಾವ. ಎದಿ ತುಂಬಾಕತ್ತೇತಿ. ಅಂಕಕ್ಕ ಗೊತ್ತಾಗವಲ್ದು, ನನಗ ಗೊತ್ತಾಗತೈತ್ರಿ."

ಹತ್ತರಲ್ಲಿ ಮದ್ದಿಲ್ಲದೆ ಏಳದ ಆ ಇಬ್ಬರಲ್ಲಿ ಒಬ್ಬಳು ತನ್ನ ತಾಯಿ ಎಂದು ದಾಕ್ಷಾಯಣಿಗೆ ತಿಳಿಯಿತು. ಆಕೆ ಎದ್ದು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರರ ಕೋಣೆಗೆ ಹೋದಳು.

"ಒಂದ ಸೂಜಿ ಸರ್. ಕೈಯಿಂದ ಬರದು ಕಳಸ್ರಿ."

ಇನಾಮದಾರರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಕನ್ನಡಕ ತೆಗೆದು ಒರೆಸಿಕೊಂಡರು.

"ದಾಕ್ಷಾಯಣಿ, ಇವತ್ತು ನಿಮ್ಮ ತಾಯಿಗೆ ನಾ ಕೈಯಿಂದ ಬರದ್ರ ನಾಳೆ ಮಂತ್ರಿಗಳ ಮಾವಗ ಬರೀಬೇಕಾಗತದ. ಹೋದ ವರ್ಷದ ಕಲ್ಲು ಮರ್ತ್ರೇನು? ಈ ರಾಜ್ಯದಾಗ ವಶೀಲಿ ನಡೀಲಾರದ್ದು ಇದೊಂದ ಜಾಗಾ. ಅದನ್ನ ಕಟ್ಟಿದಾಕಿ ನೀವ."

"ಹಂಗಾರ ಅಂಕ ಇಳದ್ರ?"

"ಇಳದ್ರ ತಾನ ಬರತದ. ಅದಕ್ಕ ನನ್ನ ಕೇಳೂದ ಬ್ಯಾಡ."

ಅವರು ಹೇಳಿದ್ದು ಬರೀ ನಿಯಮ. ದಾಕ್ಷಾಯಣಿಗೆ ಮಾತ್ರ ಅದು ಬಾಗಿಲು ತೆರೆದಂತೆ ಕೇಳಿಸಿತು. ತಾಯಿಯನ್ನು ಹೆದರಿಸಬೇಕು. ಹೆದರಿಕೆಯಿಂದ ಜ್ವರ ಏರುತ್ತದೆ, ನಿಜ. ಆದರೆ ಅಂಕ ಇಳಿದ ಗಳಿಗೆಯೇ ಮದ್ದು ಮಂಜೂರಾಗುತ್ತದೆ, ಮಂಟಪದಲ್ಲೇ ಸೂಜಿ ಇರುತ್ತದೆ. ಅಪಾಯದ ಲೆಕ್ಕ ಸರಿಯಾಗಿತ್ತು. ಯಾವುದಕ್ಕೆ ಹೆದರುತ್ತಾಳೆ ಎಂಬುದೇ ಪ್ರಶ್ನೆ. ತನ್ನ ಸಾವಿಗೆ ಆಕೆ ಹೆದರುವುದಿಲ್ಲ, ಅದು ಓಣಿಗೇ ಗೊತ್ತು. ಹಾಗಾದರೆ ಯಾರ ಸಾವಿಗೆ?

ಮನೆಯಲ್ಲಿ ಏಳು ವರ್ಷದ ಮಗಳು ಮುಕ್ತಾ ಇದ್ದಳು. ಅಜ್ಜಿಯ ಸೆರಗು ಹಿಡಿದೇ ಬೆಳೆದ ಕೂಸು.

ದಾಕ್ಷಾಯಣಿ ಕಾರಿಡಾರಿನ ಕೊನೆಗೆ ಹೋಗಿ ರೂತ್‌ಳ ಫೋನಿಗೆ ಕರೆ ಮಾಡಿದಳು. ಆಚೆ ಕಡೆ ತಾಯಿಯ ದನಿ ಬಂತು, ಮಧ್ಯೆ ಮಧ್ಯೆ ಏದುಸಿರು.

"ಏನವಾ, ಉಂಡಿ?"

"ಅವ್ವಾ." ದಾಕ್ಷಾಯಣಿ ಟ್ಯಾಬು ತೆರೆದು ಹಿಡಿದಳು. "ಅವ್ವಾ, ಮುಕ್ತಾ ಹೋದ್ಲು. ನಿನ್ನೆ ಜ್ವರ ಬಂದಿತ್ತು. ಇವತ್ತ ಮುಂಜಾನೆ ಹೋದ್ಲು."

ದಾಕ್ಷಾಯಣಿ ಇನ್ನೊಂದು ಕೈಯಲ್ಲಿದ್ದ ಟ್ಯಾಬಿನಲ್ಲಿ ತಾಯಿಯ ಅಂಕವನ್ನೇ ನೋಡುತ್ತಾ ನಿಂತಳು. ಎಂಬತ್ತನಾಲ್ಕು ಎಪ್ಪತ್ತಾಯಿತು. ಅರವತ್ತೊಂದಾಯಿತು. ಇನ್ನಷ್ಟು ಇಳಿ, ಇನ್ನಷ್ಟು ಇಳಿ ಎಂದು ಹೆತ್ತ ತಾಯಿಯ ಹೆದರಿಕೆಗೆ ಆಕೆ ಹರಕೆ ಹೊತ್ತಳು. ಅಂಕ ಅಲ್ಲಿಯೇ ನಿಂತಿತು.

"ಕೂಡಿಸೀರೇನು?" ಎಂದಳು ಗುರುಸಿದ್ದವ್ವ.

"ಹಾಂ?"

"ಕೂಸನ್ನ ಗ್ವಾಡಿಗೆ ಕೂಡಿಸೀರೇನು? ಮೈ ಸೆಟಿಯೂದ್ರಾಗ ಕೂಡಸ್ರಿ. ಹಣಿಗೆ ವಿಭೂತಿ ಹಚ್ಚು. ನೀ ಅಳಬ್ಯಾಡ ತಂಗಿ, ತಾಯಿ ಅತ್ರ ಕೂಸಿಗೆ ಹಾದಿ ಸಿಗಂಗಿಲ್ಲ. ನಾ ಇಲ್ಲಿಂದನ ಹಾಡತೇನಿ. ಫೋನ್ ಆಕೀ ಕಿವಿಗೆ ಹಿಡಿ."

ಮುದುಕಿ ಹಾಡತೊಡಗಿದಳು. ಕಟ್ಟುತ್ತಿದ್ದ ಉಸಿರನ್ನು ಎಲ್ಲಿಂದಲೋ ಎಳೆದು ತಂದು, ಪದ ಮುರಿಯದಂತೆ ಹಾಡಿದಳು. ಟ್ಯಾಬಿನಲ್ಲಿ ಅಂಕ ಎಂಬತ್ತಾಯಿತು, ತೊಂಬತ್ತಾಯಿತು, ತೊಂಬತ್ತೆಂಟರಲ್ಲಿ ನಿಂತಿತು. ಹೆಣದ ಮುಂದೆ ಕೂತರೆ ಗಟ್ಟಿಯಾಗುವ ದೇಹಕ್ಕೆ ದಾಕ್ಷಾಯಣಿ ಒಂದು ಹೆಣವನ್ನೇ ಕೊಟ್ಟಿದ್ದಳು. ಜಗತ್ತಿನಲ್ಲಿ ಬೇರೆ ಯಾರು ಮರೆತರೂ ಇದನ್ನು ತಾನು ಮರೆಯಬಾರದಿತ್ತು ಎಂದು ಅನಿಸಿ, ಫೋನನ್ನು ಯಾರ ಕಿವಿಗೂ ಹಿಡಿಯದೆ, ಹಾಡು ಮುಗಿಯುವವರೆಗೆ ಕಿಟಕಿಗೆ ತಲೆ ಇಟ್ಟು ನಿಂತಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮುಕ್ತಾ ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು. ಎಂ.ಎಸ್ಸಿ ಓದಿದ, ಯಂತ್ರ ಕಟ್ಟಿದ ಹೆಣ್ಣುಮಗಳು ಬಾಗಿಲಲ್ಲೇ ನಿಂತು ಒಳಗೊಳಗೇ 'ಬಿಡ್ತು, ಬಿಡ್ತು' ಅಂದುಕೊಂಡಳು. ಮಗಳ ಕೆನ್ನೆ ಮುಟ್ಟಲು ಕೈ ಬರಲಿಲ್ಲ. ಗಂಡ ವೀರೇಶನಿಗೆ ಏನೂ ಹೇಳಿರಲಿಲ್ಲ. ಬ್ಯಾಂಕಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ಅವನು ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿ ಇಟ್ಟಿದ್ದ. ತಾಟಿನ ಮುಂದೆ ಕೂತು ಆಕೆ ಮತ್ತೆ ಲೆಕ್ಕ ಹಾಕತೊಡಗಿದಳು. ಇನ್ನೇನು ಹೇಳಿದರೆ ಹೆದರಿಯಾಳು?

ಆ ಲೆಕ್ಕದಲ್ಲಿ ಒಂದು ಸಣ್ಣ ಸಂಗತಿ ತಪ್ಪಿಹೋಗಿತ್ತು. ಸಾವಾದ ಮನೆಗೆ ಹಿರಿಯರು ಮಾತಾಡಿಸಲು ಹೋಗಲೇಬೇಕು. ಹೋಗಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಿಸಬೇಕು. ಮಗಳನ್ನು ಮಾತಾಡಿಸಿದ್ದಾಗಿತ್ತು, ಮಗಳನ್ನು ಕಳೆದುಕೊಂಡ ಅಳಿಯ ಬಾಕಿ ಇದ್ದ.

ವೀರೇಶನ ಮೊಬೈಲು ಹೊಡೆದುಕೊಂಡಿತು. ಅವನು ಹಿಟ್ಟಿನ ಕೈಯಲ್ಲೇ ಅದನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಪರದೆಯ ಮೇಲೆ ಅತ್ತೆಯ ಮುಖ, ಮೂಗಿಗೆ ನಳಿಗೆ, ಹಣೆಯಲ್ಲಿ ವಿಭೂತಿ.

"ವೀರೇಶಪ್ಪಾ," ಎಂದಳು ಗುರುಸಿದ್ದವ್ವ, "ಎದಿ ಗಟ್ಟಿ ಮಾಡ್ಕೋಪಾ. ಕೊಟ್ಟಾಂವ ಒಯ್ದಾನ. ನೀ ಕುಸದ್ರ ಆಕೀನ್ನ ಹಿಡಿಯೋರು ಯಾರಿಲ್ಲ."

"ಏನ್ರೀ ಅತ್ತಿ? ಯಾರನ್ನ?" ಎಂದ ವೀರೇಶ.

ದಾಕ್ಷಾಯಣಿ ಎದ್ದು ಕೈ ಚಾಚುವಷ್ಟರಲ್ಲಿ ಮುಕ್ತಾ ಓಡಿಬಂದು ತಂದೆಯ ತೋಳಿನಡಿ ತಲೆ ತೂರಿಸಿದಳು.

"ಆಯಿ, ನನ್ನ ಹಲ್ಲ ಬಿತ್ತು ನೋಡು. ನೀ ಯಾವಾಗ ಬರ್ತಿ?"

ಗುರುಸಿದ್ದವ್ವ ನೋಡಿದಳು. ಖುಷಿ ಮೊದಲು ಬರಲಿಲ್ಲ. ಹುಡುಗಿ ಬಾಯಿ ತೆರೆದು ಹಲ್ಲಿನ ಸಂದು ತೋರಿಸುತ್ತಲೇ ಇದ್ದಳು. ಮುದುಕಿಯ ತುಟಿ ಅದುರಿತು, ಆಮೇಲೆ ಗದ್ದ, ಆಮೇಲೆ ಪರದೆಯೇ ಅದುರಿತು.

"ಅದಾಳ," ಎಂದಳು. "ಕೂಸು ಅದಾಳ. ಯವ್ವಾ, ನನ್ನ ಇಲ್ಲಿಂದ ಕರಕೊಂಡು ಹೋಗ್ರಿ. ನಾ ಇಲ್ಲಿ ಸಾಯಾಕ ಒಲ್ಲೆ. ದಾಕ್ಷಾಯಣೀ, ನನ್ನ ಬಿಟ್ಟುಕೊಡಬ್ಯಾಡ, ನಾ ಒಲ್ಲೆ, ನಾ ಒಲ್ಲೆ."

ಬಾಳಿನುದ್ದಕ್ಕೂ ಆ ಬಾಯಿಂದ ಯಾರೂ ಕೇಳದ ಕಿರುಚು ಅದು. ಸತ್ತಳೆಂದಾಗ ಎಲ್ಲವನ್ನೂ ಕೈಬಿಟ್ಟು ಹಗುರಾಗಿದ್ದ ಜೀವ, ಇದ್ದಾಳೆಂದು ಕಂಡ ಗಳಿಗೆಯಲ್ಲಿ ಬದುಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ದಾಕ್ಷಾಯಣಿ ಟ್ಯಾಬು ತೆರೆದಳು. ತೊಂಬತ್ತರಿಂದ ಐವತ್ತು, ಐವತ್ತರಿಂದ ಇಪ್ಪತ್ತು, ಹನ್ನೊಂದು. ಅಂಕದ ಪಕ್ಕದಲ್ಲಿ ಹಳದಿ ಚುಕ್ಕೆ ಮೂಡಿತು. ಮದ್ದು ಮಂಜೂರಾಗಿತ್ತು.

ಆಕೆಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತಾಯಿ ಕಿರುಚುತ್ತಿರುವಾಗ, ಗಂಡ ಬಾಯಿ ತೆರೆದು ತನ್ನತ್ತ ನೋಡುತ್ತಿರುವಾಗ, ದಾಕ್ಷಾಯಣಿ ಮಗಳನ್ನು ಎತ್ತಿಕೊಂಡು ಮುತ್ತಿಟ್ಟಳು.

ಆಕೆ ಕೇಂದ್ರಕ್ಕೆ ಮರಳುವಷ್ಟರಲ್ಲಿ ತಾಯಿಯ ಮಂಟಪದ ಚೌಕದ ಬಣ್ಣ ಬದಲಾಗಿತ್ತು. ಹಾಡುತ್ತಿದ್ದ ಮುದುಕಿಯೇ ಸಾಯಲು ಒಲ್ಲೆನೆಂದು ಚೀರಿದರೆ ಉಳಿದವರು ಏನೆಂದುಕೊಳ್ಳಬೇಕು? ಇಷ್ಟು ದಿನ ಕೇಳಿದ ಧೈರ್ಯವೆಲ್ಲ ಸುಳ್ಳೆಂದುಕೊಂಡರು. ಅಂಕಗಳು ಹಾಸಿಗೆಯಿಂದ ಹಾಸಿಗೆಗೆ ಕುಸಿಯುತ್ತಾ ಹೋದವು. ಮಂಟಪದಲ್ಲಿ ಆ ಹೊತ್ತಿಗೆ ಇದ್ದದ್ದು ಎರಡೇ ಸೂಜಿ. ಒಂದು ಹನ್ನೊಂದರ ಗುರುಸಿದ್ದವ್ವನಿಗೆ, ಇನ್ನೊಂದು ಹನ್ನೆರಡರ ಯಾರೋ ಒಬ್ಬರಿಗೆ. ಹದಿನಾಲ್ಕರಲ್ಲಿದ್ದದ್ದು ಪಕ್ಕದ ಹಾಸಿಗೆಯ ಹಸೀನಾ.

ಹಸೀನಾಳನ್ನು ದಾಕ್ಷಾಯಣಿ ಬಲ್ಲಳು. ಹುಬ್ಬಳ್ಳಿಯ ಟೇಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಎಳೆಯ ಹುಡುಗಿ. ಬಂದ ದಿನ ಒಂಬತ್ತರಲ್ಲಿದ್ದಳು. ಆ ದಿನ ಸೂಜಿ ಮುಗಿದಿತ್ತು. ಗುರುಸಿದ್ದವ್ವ ಅವಳ ಕೈ ಹಿಡಿದು, ಪದ ಗೊತ್ತಿಲ್ಲದಿದ್ದರೂ ಪಲ್ಲವಿ ಹೇಳಿಸುತ್ತಾ ದಿನದಿಂದ ದಿನಕ್ಕೆ ಅರವತ್ತರ ಮೇಲೆ ಎಳೆದು ತಂದಿದ್ದಳು. ಇನ್ನೆರಡು ದಿನ ಕಳೆದಿದ್ದರೆ ಮನೆಗೆ ಹೋಗುತ್ತಿದ್ದಳು.

"ಮುಂದಿನ ಗಾಡಿ ಯಾವಾಗ ಸರ್?" ಎಂದು ಕೇಳಿದಳು ದಾಕ್ಷಾಯಣಿ.

"ಸಂಜೀಕ," ಎಂದರು ಇನಾಮದಾರರು. ಅವರೂ ಪರದೆಯನ್ನೇ ನೋಡುತ್ತಿದ್ದರು. "ನಿಮ್ಮ ತಾಯಿ ಅಂಕ ಒಮ್ಮೆಲೆ ಹೆಂಗ ಇಳೀತು?"

ಆಕೆ ಪರದೆಯ ಮೇಲಿನ ಹದಿನಾಲ್ಕನ್ನು ನೋಡುತ್ತಾ ಕೂತಳು. ಮದ್ದಿನ ಗಾಡಿ ದಾರಿಯ ನವಲೂರು ದಾಟುವ ಮೊದಲೇ ಹದಿನಾಲ್ಕು ಇದ್ದ ಜಾಗ ಖಾಲಿಯಾಯಿತು.

ಗುರುಸಿದ್ದವ್ವ ಉಳಿದಳು. ಮನೆಗೂ ಬಂದಳು. ಬಂದದ್ದು ಅದೇ ಗುರುಸಿದ್ದವ್ವನೇ ಎಂದು ಹೇಳಲು ಮಾತ್ರ ಓಣಿಯವರು ಹಿಂದೆಮುಂದೆ ನೋಡುತ್ತಿದ್ದರು. ಮುಕ್ತಾ ಕಣ್ಣಿಗೆ ಮರೆಯಾದರೆ ಮುದುಕಿ ಅಡುಗೆಮನೆಯಿಂದ ಹಿತ್ತಿಲವರೆಗೆ ಕೂಗುತ್ತಾ ಓಡಾಡುತ್ತಿದ್ದಳು. ಕೂಸು ನಿದ್ದೆ ಹೋದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಭಜನೆಯವರು ಸಾವಿನ ಮನೆಗೆ ಕರೆಯಲು ಬಂದಾಗ ಒಳಗಿನಿಂದ ಅಗುಳಿ ಹಾಕಿ, "ಇಲ್ಲಂತ ಹೇಳ್ರಿ, ಅವ್ವ ಇಲ್ಲಂತ ಹೇಳ್ರಿ" ಎಂದು ಬಾಗಿಲ ಹಿಂದೆ ಕುಕ್ಕರಿಸಿದಳು. ಮಗಳನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ದಾಕ್ಷಾಯಣಿಗೆ ಅನ್ನವಾದರೂ ಸೇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹಸೀನಾಳ ತಾಯಿ ಜೈನಾಬಿ ಬಂದಳು. ಮುಖಕ್ಕೆ ಸೆರಗು ಸುತ್ತಿಕೊಂಡು ಗೇಟಿನ ಆಚೆಯೇ ನಿಂತಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದುಕೊಂಡು ದಾಕ್ಷಾಯಣಿ ಹತ್ತಿರ ಹೋದಳು.

ಜೈನಾಬಿ ಬೈಯಲು ಬಂದಿರಲಿಲ್ಲ. "ಅಕ್ಕಾರ, ನಮ್ಮ ಮನೆಯವರೂ ಈಗ ಅದ ಮಂಟಪದಾಗ ಅದಾರ್ರೀ. ಖಾದರಸಾಬ ಅಂತ. ಎದಿ ತುಂಬೇತಿ ಅಂತ ಸಿಸ್ಟರ್ ಹೇಳಾಕತ್ತಾರ. ಅಂಕ ಮಾತ್ರ ಎಂಬತ್ತರ ಕೆಳಗ ಇಳಿಯವಲ್ದು. ಮಗಳು ಹೋದಮ್ಯಾಲ ಅವರಿಗೆ ಹೆದರಿಕೀನ ಇಲ್ರಿ. ಕಲ್ಲಾಗಿ ಕುಂತಾರ."

ಹಸೀನಾಳ ಮಣ್ಣಿಗೆ ಮನೆಯವರು ಯಾರೂ ಹೋಗುವಂತಿರಲಿಲ್ಲ. ಮುಖ ಕೂಡ ನೋಡಿರಲಿಲ್ಲ. ಸುತ್ತಿ, ಮುಚ್ಚಿ, ಸರ್ಕಾರದವರೇ ಒಯ್ದು ಮಣ್ಣು ಮಾಡಿದ್ದರು.

"ನೀವು ನಿಮ್ಮ ಅವ್ವಾರಿಗೆ ಫೋನಿನ್ಯಾಗ ಏನೋ ಹೇಳಿದ್ರಂತ, ಅಂಕ ಇಳೀತಂತ," ಎಂದಳು ಜೈನಾಬಿ. "ಅದನ್ನ ನನಗೂ ಹೇಳಿಕೊಡ್ರಿ. ನಾ ಏನ ಹೇಳಲಿ ಅವರಿಗೆ?"

ದಾಕ್ಷಾಯಣಿಯ ಹಿಂದಿನಿಂದ ಉತ್ತರ ಬಂತು. ಗುರುಸಿದ್ದವ್ವ ಮುಕ್ತಾಳ ರಟ್ಟೆ ಹಿಡಿದುಕೊಂಡೇ ಕಟ್ಟೆಯ ಮೇಲೆ ನಿಂತಿದ್ದಳು.

"ಸಾವಿನ ಸುದ್ದಿ ಹೇಳಬ್ಯಾಡ," ಎಂದಳು. "ಅದರಿಂದ ಏನೂ ಆಗಂಗಿಲ್ಲ, ಮನಷ್ಯಾ ಇನ್ನಷ್ಟು ಗಟ್ಟಿ ಆಗತಾನ. ಹಸೀನಾ ಬದುಕ್ಯಾಳ ಅಂತ ಹೇಳು."

"ಅವ್ವಾರ?"

"ಹೆಣ ಅದಲುಬದಲಾಗಿತ್ತು, ಬ್ಯಾರೆ ಆಸ್ಪತ್ರ್ಯಾಗ ಅದಾಳ ಅಂತ ಹೇಳು. ಆಗ ಬದುಕಬೇಕು ಅನಸತೈತಿ. ಬದುಕಬೇಕು ಅನಿಸಿದ ಕೂಡ್ಲೆ ಹೆದರಿಕಿ ಬರತೈತಿ. ನನಗ ಗೊತ್ತೈತಿ."

"ಮನೀಗೆ ಬಂದಮ್ಯಾಲ ಕೇಳತಾರಲ್ರೀ, ಎಲ್ಲಿ ಅಂತ?"

"ಕೇಳತಾನ. ಕೇಳಾಕ ಇರತಾನ," ಎಂದಳು ಮುದುಕಿ. ಆ ದನಿಯಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಡುಗೆ ಹೇಳಿಕೊಟ್ಟಂತೆ ಹೇಳಿ ಮುಗಿಸಿ, ಮೊಮ್ಮಗಳನ್ನು ಎಳೆದುಕೊಂಡು ಒಳಗೆ ಹೋದಳು.

ಜೈನಾಬಿ ಮಂಟಪಕ್ಕೆ ಫೋನ್ ಹಚ್ಚಿ ಗೇಟಿನ ಸರಳುಗಳ ನಡುವೆ ದಾಕ್ಷಾಯಣಿಯತ್ತ ಚಾಚಿದಳು.

"ನನ್ನ ಬಾಯಿಲೆ ಬರಂಗಿಲ್ರಿ. ನೀವು ಆಫೀಸಿನವರು. ನೀವು ಹೇಳಿದ್ರ ನಂಬತಾರ."

ದಾಕ್ಷಾಯಣಿ ಫೋನ್ ತೆಗೆದುಕೊಂಡಳು. ಒಲ್ಲೆನೆಂದು ಹೇಳುವ ಹಕ್ಕು ಆಕೆಗೆ ಉಳಿದಿರಲಿಲ್ಲ. ರೂತ್ ಫೋನನ್ನು ಹಾಸಿಗೆಯ ಹತ್ತಿರ ಒಯ್ದಳು. ಗಡ್ಡದ ಒಬ್ಬ ಮನುಷ್ಯ ಛಾವಣಿ ನೋಡುತ್ತಾ ಮಲಗಿದ್ದ.

"ಖಾದರಸಾಬರ, ನಾ ಮದ್ದು ಹಂಚಿಕೆ ಕೇಂದ್ರದಿಂದ ಮಾತಾಡಾಕತ್ತೇನಿ," ಎಂದಳು. ದಿನವೂ ಕಚೇರಿಯಲ್ಲಿ ಮಾತಾಡುವ ದನಿ ತಾನಾಗಿ ಬಂತು. "ತಪ್ಪಾಗೇತ್ರಿ ನಮ್ಮಿಂದ. ಆವತ್ತು ಮಣ್ಣು ಮಾಡಿದ್ದು ಬ್ಯಾರೆಯವರನ್ನ. ಹೆಸರ ಅದಲುಬದಲಾಗಿತ್ತು. ನಿಮ್ಮ ಹಸೀನಾ ಬದುಕ್ಯಾಳ. ಬೆಳಗಾವ್ಯಾಗ ಅದಾಳ, ಆರಾಮ ಆಗಾಕತ್ತೇತಿ. ಅಬ್ಬಾ ಎಲ್ಲೆ ಅಂತ ಕೇಳಾಕತ್ತಾಳ."

ಖಾದರಸಾಬ ಮೆಲ್ಲಗೆ ತಲೆ ಹೊರಳಿಸಿದ. ಕಲ್ಲಿನಂಥ ಮುಖ ಅಲ್ಲಲ್ಲಿ ಸಡಿಲವಾಯಿತು. ಎದ್ದು ಕೂರಲು ಹೋಗಿ ಆಗದೆ, ಎರಡೂ ಕೈಯಿಂದ ಹಾಸಿಗೆಯ ಅಂಚು ಹಿಡಿದುಕೊಂಡ. ಉಸಿರು ಜೋರಾಯಿತು.

"ಕೊಡ್ರಿ," ಎಂದ. "ಆಕೀ ಕೈಯಾಗ ಫೋನ್ ಕೊಡ್ರಿ."

ಆಗ ಸರಳುಗಳ ನಡುವಿನಿಂದ ಜೈನಾಬಿಯ ಕೈ ಬಂದು ದಾಕ್ಷಾಯಣಿಯ ಮುಂಗೈ ಹಿಡಿಯಿತು. ಸೆರಗು ಮುಖದಿಂದ ಜಾರಿತ್ತು. ಸುಳ್ಳು ಹೇಳಿರೆಂದು ತಾನೇ ಬೇಡಿ ಬಂದ ಹೆಂಗಸು ಬಿಟ್ಟ ಕಣ್ಣು ಬಿಟ್ಟಂತೆ ದಾಕ್ಷಾಯಣಿಯ ಬಾಯನ್ನೇ ನೋಡುತ್ತಿದ್ದಳು.

"ಅಕ್ಕಾರ," ಎಂದಳು ಜೈನಾಬಿ, "ಖರೇ ಏನ್ರಿ?"